ಎಲ್ಲಾರೂ ಹೊರಗ ಬರ್ರಿ

ಬೇಡ ಅಕ್ಕ, ನೆಲದ ಮೇಲೆಯೇ ಕೂತ್ಕೊಳ್ತೇನೆ... ಕುರ್ಚಿ ನಿಮಗಿರಲಿ. ಸ್ವಲ್ಪ ಜೋರಾಗಿ ಮಾತಾಡ್ತೇನೆ ಆಯ್ತಾ, ಫ್ಯಾನಿನ ಸದ್ದು ಬೇರೆ. ಬಲಗಡೆ ಬರಲಾ? ನಿಮಗೆ ಎಡಗಿವಿ ಅಲ್ವಾ ತೊಂದರೆ... ಹೋದ ವರ್ಷ ಹತ್ತಿ ಇಟ್ಕೊಂಡು ಆಫೀಸಿಗೆ ಬರ್ತಿದ್ರಲ್ಲ. ಯಾಕೆ ಹಾಗೆ ನೋಡ್ತೀರಿ? ಸರಿ, ಸರಿ. ಇಲ್ಲೇ ಕೂತೆ.

ಇದು ನಿಮ್ಮ ಸಾಮಾನು. ಶೈಲಾ ಅವರ ಟೇಬಲ್ ಖಾಲಿ ಮಾಡಿ ಅಂದ್ರು ಗುರುಬಸವ ಸರ್. ಬೇರೆ ಯಾರೂ ಕೈ ಹಾಕೋದು ಬೇಡ ಅಂತ ನಾನೇ ಮಾಡಿದೆ. ಸ್ಟೀಲ್ ಡಬ್ಬಿ, ಏಸಿ ಗಾಳಿಗೆ ಹೊದೀತಿದ್ರಲ್ಲ ಆ ಶಾಲು, ಶೇಂಗಾ ಚಟ್ನಿಯ ಬಾಟ್ಲಿ. ಬಾಟ್ಲಿ ತೊಳೆದಿದ್ದೇನೆ. ತಳದಲ್ಲಿ ಎರಡು ಚಮಚ ಉಳಿದಿತ್ತು ಅಕ್ಕ... ಸಂದೀಪ ತಿಂದ. ಯಾಕೆ ನಗ್ತೀರಿ? ನಿಜವಾಗ್ಲೂ! ತಿಂದು ಕಣ್ಣು ಒರೆಸಿಕೊಂಡ. ಕೇಳಿದ್ರೆ ಖಾರ ಅಂದ.

ನೀವಿಲ್ಲದೆ ಆ ರೂಮು... ಎಂತ ಹೇಳಲಿ. ಗಂಟೆಗಟ್ಟಲೆ ಬರೀ ಕೀಬೋರ್ಡಿನ ಸದ್ದು.

ಹೊಸಬಳು ಬಂದಿದ್ದಾಳೆ, ಸೌಮ್ಯಾ. ಕಲಿಸೋದು ನಾನು! ನಾನು, ಅಕ್ಕ... ಬ್ಯಾಂಕಲ್ಲಿ ನನ್ನ ಹೆಸರು ಕೂಗಿದ್ರೂ ಎದ್ದು ಹೋಗಲಿಕ್ಕೆ ನಾಚಿಕೆ ನನಗೆ. ನೀವು ನನಗೆ ಹೇಳಿಕೊಟ್ಟ ಹಾಗೇ ಹೇಳಿದೆ. ನೋಡು, ಇದು ಉಚಿತ ಡಯಾಲಿಸಿಸ್ ಮಾಡಿಸುವ ಟ್ರಸ್ಟು, ಯಾವ ಪೇಶಂಟ್ ಯಾವ ದಿನ ಯಾವ ಸೆಂಟರಿಗೆ ಹೋಗ್ಬೇಕು ಎಲ್ಲ ಇರೋದು ಈ ಒಂದೇ ಫೈಲಲ್ಲಿ. ಫೈಲು ಇರೋದು ಶೈಲಕ್ಕನ ಕಂಪ್ಯೂಟರಲ್ಲಿ. ನಾವು ನಾಲ್ಕೂ ಜನ ಅದನ್ನೇ ತೆಗೆಯೋದು. ನಾಲ್ಕು ಜನ ಒಟ್ಟಿಗೆ ಒಳಗೆ ಹೋದ್ರೆ ಅದು ನಿಂತೇ ಬಿಡ್ತದೆ. ಆಗ ಕಾಪಿ ಮಾಡಿ ನಿನ್ನ ಕಂಪ್ಯೂಟರಿಗೆ ತಗೋ, ಕೆಲಸ ಮಾಡು, ವಾಪಸ್ ಹಳೇ ಫೈಲಿನ ಮೇಲೆ ಹಾಕು. ಆದರೆ ಹಾಕೋ ಮೊದಲು ಎದ್ದು ನಿಂತು, ಎಲ್ಲರೂ ಫೈಲಿನಿಂದ ಹೊರಗೆ ಬನ್ನಿ ಅಂತ ಕೂಗ್ಬೇಕು. ಎಲ್ಲರೂ “ಹೂಂ” ಅಂದ ಮೇಲೇ ಹಾಕ್ಬೇಕು. ಯಾಕಂದ್ರೆ ನೀನು ಕಾಪಿ ತಗೊಂಡ ಮೇಲೆ ಇನ್ನೊಬ್ಬರು ಅಲ್ಲಿ ಏನಾದ್ರೂ ಬರೆದಿದ್ರೆ, ನಿನ್ನದು ಕೂತ ಕೂಡ್ಲೇ ಅದು ಅಳಿಸಿ ಹೋಗ್ತದೆ.

ಗುರುತೇ ಇರುವುದಿಲ್ಲ ಅಂದೆ. ಸೌಮ್ಯಾ ಕೇಳಿದಳು, “ಶೈಲಕ್ಕ ಯಾರು?” ಅಂತ.

ಆ ಸೋಮವಾರದ ಮಾತು ಬೇಡ ಅಂತೀರಾ? ಬೇಡ ಅಂದ್ರೂ ಅದೇ ಬರ್ತದೆ ಅಕ್ಕ ಬಾಯಿಗೆ. ಬಾಂದ್ರಾ ಸೆಂಟರಿನ ಮಷೀನ್ ಕೆಟ್ಟಿತ್ತು. ನಾಳೆ ಬೆಳಿಗ್ಗೆ ಪೇಶಂಟ್ ಭೀಮರಾಯನನ್ನು ಚೆಂಬೂರಿಗೆ ಕಳಿಸಿ ಅಂತ ಫೋನ್ ಬಂತು. ನೀವು ಬದಲು ಮಾಡಿದ್ರಿ, ಫೈಲು ಮುಚ್ಚಿ ಮೂಲೆಗೆ ಚಹಾ ಬಗ್ಗಿಸಲಿಕ್ಕೆ ಹೋದ್ರಿ. ನಾನು ಮಧ್ಯಾಹ್ನವೇ ಕಾಪಿ ತಗೊಂಡಿದ್ದೆ. ವಾಪಸ್ ಹಾಕಿದೆ. ನಿಮ್ಮದು ಹೋಯಿತು. ಸಂಜೆ ಸಂದೀಪ ಲಿಸ್ಟ್ ನೋಡಿ ಭೀಮರಾಯನಿಗೆ ಫೋನ್ ಮಾಡಿದ, “ನಾಳೆ ಬಾಂದ್ರಾ.” ಅಷ್ಟೇ.

ಅಷ್ಟೇ... ಅಂತ ಹೇಳಿದೆನಾ ನಾನು? ಕ್ಷಮಿಸಿ.

ಕೂಗಿದ್ದೆ ಅಕ್ಕ. ಎರಡು ಸಲ ಕೂಗಿದ್ದೆ. ಸಂದೀಪ ಫೋನಿನಲ್ಲಿದ್ದ, ನಿಶಾ ರಜೆ. ನೀವೊಬ್ರೇ ಇದ್ದದ್ದು, ಪಾಪ, ನಿಮಗೆ ಕೇಳಿಸಲಿಲ್ಲ. ನಿಮ್ಮ ತಪ್ಪಂತ ಯಾರೂ ಹೇಳೋದಿಲ್ಲ, ಕಿವಿಯ ತೊಂದರೆ ಯಾರಿಗೂ ಬರಬಹುದು. ಮೀಟಿಂಗಲ್ಲಿ ನೀವೇ ಅಂದ್ರಲ್ಲ, “ಕೇಳಿಸಿರಲಿಕ್ಕಿಲ್ಲ ಬಿಡ್ರಿ ಸರ್” ಅಂತ. ನನ್ನ ಕಡೆ ನೋಡಲೇ ಇಲ್ಲ ನೀವು. ಟೇಬಲ್ ಮೇಲಿನ ಗ್ಲಾಸು ಸರಿ ಮಾಡ್ತಾ ಇದ್ರಿ.

ಭೀಮರಾಯನ ಹೆಂಡತಿ ಬಂದಿದ್ಲು ಆಫೀಸಿಗೆ, ಸುಂದ್ರವ್ವ. ಬೈಯಲಿಕ್ಕೆ ಬಂದಿದ್ದಾಳೆ ಅಂತ ನಾನು ಬಾತ್‌ರೂಮಿಗೆ ಹೋಗಿ ನಿಂತೆ. ಬೈಯಲಿಲ್ಲವಂತೆ. ಗಂಡನ ಫೈಲು ವಾಪಸ್ ಕೊಟ್ಟು, “ಇನ್ನ ಇದು ನಮಗ ಬ್ಯಾಡ್ರಿ” ಅಂದಳಂತೆ. ಬಾಂದ್ರಾದಲ್ಲಿ ಎರಡು ತಾಸು ಕೂತಿದ್ರಂತೆ ಅವರು, ಮಷೀನ್ ರಿಪೇರಿ ಆಗ್ತದೆ ಅಂತ. ಆಮೇಲೆ ಯಾರೋ ಚೆಂಬೂರಿಗೆ ಹೋಗಿ ಅಂದ್ರು. ಕುರ್ಲಾ ಸ್ಟೇಷನಿನ ಬ್ರಿಜ್ ಹತ್ತುವಾಗ ಉಸಿರು ಸಿಕ್ಕಲಿಲ್ಲ ಅವನಿಗೆ. ಮೆಟ್ಟಿಲ ಮೇಲೆ ಕೂತವನು ಮತ್ತೆ ಏಳಲಿಲ್ಲವಂತೆ, ಜನ ಪಕ್ಕದಲ್ಲೇ ಹತ್ತಿ ಹೋಗ್ತಾ ಇದ್ರಂತೆ...

ನೀವು ಹೋಗಿದ್ರಂತೆ ಅವಳ ಮನೆಗೆ. “ನನ್ನ ಕಿವಿ ನಿನ್ನ ಗಂಡನ್ನ ತಿಂತವ್ವ” ಅಂದ್ರಂತೆ ಅವಳ ಕೈ ಹಿಡ್ಕೊಂಡು. ಯಾಕೆ ಹಾಗೆ ಹೇಳಿದ್ರಿ ಅಕ್ಕ? ಯಾರು ಹೇಳಿ ಅಂದ್ರು ನಿಮಗೆ?

ಇಲ್ಲ... ಅಳ್ತಾ ಇಲ್ಲ ನಾನು. ಬೆವರು.

ಇದೊಂದು ಕಾಗದ ಉಂಟು. ಗುರುಬಸವ ಸರ್ ಕೊಟ್ಟದ್ದು. ನನ್ನನ್ನೇ ಯಾಕೆ ಕಳಿಸಿದ್ರೋ... ಓದಿ ಹೇಳಲಾ? “ಶ್ರವಣದೋಷದ ಕಾರಣ ಸಹೋದ್ಯೋಗಿಯ ಕರೆ ನನಗೆ ಕೇಳಿಸಲಿಲ್ಲ. ಹಾಗಾಗಿ ಸ್ವಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ.” ಇಂಗ್ಲಿಷಲ್ಲಿತ್ತು, ನಿಮಗೆ ಅಂತ ನಾನೇ ಕನ್ನಡ ಮಾಡಿದೆ. ತಪ್ಪಿದ್ರೆ ನಗಬೇಡಿ. ಇಲ್ಲಿ ಒಂದು ಸೈನ್ ಮಾಡಿದ್ರೆ ವಿಷಯ ಮುಗೀತದೆ. ನನಗೂ... ನನ್ನನ್ನು ನಿಮ್ಮ ಕುರ್ಚಿಗೆ ಕಾಯಂ ಮಾಡ್ತಾರಂತೆ. ನಾನು ಕೇಳಲಿಲ್ಲ ಅಕ್ಕ, ಅವರೇ ಹೇಳಿದ್ದು. ಪಪ್ಪ ಹೋಟೆಲಿನ ಕೌಂಟರಿನಲ್ಲಿ ಕೂತು ಎಲ್ಲರಿಗೂ ಹೇಳಿಯಾಯ್ತು, ಯಕ್ಷಿತಾ ಪರ್ಮನೆಂಟ್ ಆದಳು ಅಂತ.

ಈಗೆಂತಕ್ಕೆ ಎದ್ರಿ? ಚಹಾನಾ? ಬೇಡ ಅಕ್ಕ, ಬೇಡ... ಸರಿ, ಹೋಗಿ. ಪೆನ್ನು ಇಲ್ಲೇ ಇಟ್ಟಿರ್ತೇನೆ.

ದೇವರೇ, ಬೇಗ ಸೈನ್ ಮಾಡಿ ಬಿಡಲಿ... ಗಂಟಲು ಎಷ್ಟು ಒಣಗಿದೆ... ಒಂದು ಲೋಟ ಬಿಸಿನೀರು ಸಿಕ್ಕಿದ್ರೆ ಸಾಕಿತ್ತು...

ಏನಿದು? ಚಹಾ ಅಂದ್ರಿ... ಬಿಸಿನೀರು?

ನಾನು ಕೇಳಲಿಲ್ಲವಲ್ಲ ಅಕ್ಕ. ಅಂದ್ರೆ... ನನ್ನಷ್ಟಕ್ಕೇ ಗೊಣಗಿದ್ದು ಅದು. ನೀವು ಒಳಗೆ, ಗೋಡೆಯ ಆಚೆ ನಿಂತಿದ್ರಿ. ಸ್ಟವ್ ಸದ್ದು ಇತ್ತು. ಫ್ಯಾನ್ ತಿರುಗ್ತಾ ಉಂಟು. ನನಗೇ ಸರಿಯಾಗಿ ಕೇಳಿಸಿರಲಿಲ್ಲ ನನ್ನ ಮಾತು...

ನಿಮಗೆ ಕೇಳಿಸಿತು.

ಅಕ್ಕ? ಯಾವಾಗಿನಿಂದ... ಹಾಗಾದ್ರೆ ಆ ದಿನ? ಚಹಾದ ಮೂಲೆಗೂ ನನ್ನ ಟೇಬಲ್ಲಿಗೂ ನಾಲ್ಕು ಹೆಜ್ಜೆ.

ಏನಾದ್ರೂ ಹೇಳಿ. ಸುಳ್ಳಿ ಅನ್ನಿ. ಹೀಗೆ ನೋಡಬೇಡಿ ಅಕ್ಕ, ಈ ಲೋಟ ಸುಡ್ತಾ ಉಂಟು, ಇಡಲಿಕ್ಕೂ ಆಗ್ತಿಲ್ಲ ನನಗೆ...

ಕೂಗಲಿಲ್ಲ.

ಒಂದು ಸಲವೂ ಕೂಗಲಿಲ್ಲ ನಾನು. ಎದ್ದು ನಿಂತೆ. ಅದು ನಿಜ, ಎದ್ದು ನಿಂತಿದ್ದೆ. ಬಾಯಿ ತೆರೆದೆ. ಮೊದಲ ವಾರ ನಾನು ಕೂಗಿದಾಗ ನೆನಪುಂಟಾ? “ದಯವಿಟ್ಟು ಎಲ್ಲರೂ ಹೊರಗೆ ಬನ್ನಿ” ಅಂದೆ, ಸ್ವರ ಒಡೆದು ಹೋಯಿತು. ಸಂದೀಪ “ದಯವಿಟ್ಟು, ದಯವಿಟ್ಟು” ಅಂತ ಎರಡು ದಿನ ಆಡಿಕೊಂಡ. ಅವನು ತಮಾಷೆಗೆ ಮಾಡಿದ್ದು. ನಾನು ಆಮೇಲೆ ಕೂಗಲೇ ಇಲ್ಲ ಅಕ್ಕ, ಎಂಟು ತಿಂಗಳು. ಎಲ್ಲರೂ ಊಟಕ್ಕೆ ಎದ್ದಾಗ ಹಾಕ್ತಿದ್ದೆ, ನೀವು ಚಹಾಕ್ಕೆ ಹೋದಾಗ ಹಾಕ್ತಿದ್ದೆ. ಏನೂ ಆಗಿರಲಿಲ್ಲ ಆ ತನಕ. ಆ ದಿನ ಕಂಪ್ಯೂಟರ್ ಕೇಳಿತು, ಹಳೆಯದರ ಮೇಲೆ ಹಾಕಲಾ ಅಂತ. ಅದಕ್ಕೆ ಬಾಯಿ ತೆರೆದು ಉತ್ತರ ಕೊಡಬೇಕಾಗಿಲ್ಲವಲ್ಲ. ಒತ್ತಿಬಿಟ್ಟೆ.

ನೀವು ನನಗೂ ಚಹಾ ತಂದಿಟ್ರಿ. ಅದನ್ನು ಕುಡಿದೆ.

ನಿಮಗೆ ಗೊತ್ತಿತ್ತು. ಮೀಟಿಂಗಲ್ಲೂ ಗೊತ್ತಿತ್ತು. ಸುಂದ್ರವ್ವನ ಮನೆಯಲ್ಲಿ ಕೂತಾಗಲೂ...

ಬೇಡ! ಪೆನ್ನು ಕೆಳಗಿಡಿ. ಕೊಡಿ ಇಲ್ಲಿ... ಅಕ್ಕ, ಕೊಡಿ ಆ ಕಾಗದ! ಸೈನ್ ಮಾಡಬೇಡಿ!

ತಡೀರಿ. ನಿಲ್ತೇನೆ. ನೀವು ಹೇಳಿಕೊಟ್ಟ ಹಾಗೇ, ನಿಮ್ಮ ಮಾತಲ್ಲೇ...

“ಫೈಲ್ ಹಾಕಾಕತ್ತೀನಿ! ಎಲ್ಲಾರೂ ಹೊರಗ ಬರ್ರಿ!”

ಪಕ್ಕದ ಖೋಲಿಯವರು ಬಾಗಿಲು ತೆಗೆದ್ರು ಅಕ್ಕ. ಎದುರಿನವರೂ. ಎಲ್ಲರೂ ಬರ್ತಿದ್ದಾರೆ, ಏನಾಯ್ತು ಅಂತ ಕೇಳ್ತಿದ್ದಾರೆ...

ಇಷ್ಟು ಸಣ್ಣ ಮಾತು.