ಮಾಪಣ್ಣನ ರಜೆಯ ದಿನ

ಇದು ಯಾರೋ ಎಲ್ಲೋ ಹೇಳಿದ ಕತೆಯಲ್ಲ. ನಮ್ಮ ದೊಡ್ಡಮ್ಮನ ಮಗ ದಯಾನಂದನಿಗೇ ಆದದ್ದು... ಸ್ವಲ್ಪ ಹತ್ತಿರ ಬನ್ನಿ. ಜೋರಾಗಿ ಹೇಳುವ ಮಾತಲ್ಲ.

ದಯಾನಂದ ಶಹಾಡ್ ಕಡೆ ಪಾಲಿಕೆಯ ಪಂಪ್‌ಹೌಸಿನಲ್ಲಿ ಆಪರೇಟರ್. ಯಾವ ಪಾಲಿಕೆ ಅಂತ ಕೇಳಬೇಡಿ. ಆ ರಾತ್ರಿ ಹನ್ನೊಂದಕ್ಕೆ ಪಾಳಿ ಮುಗಿಸಿ, ಡೊಂಬಿವಲಿಯ ಲೋಕಲ್ ರೈಲು ಹಿಡಿಯಲು ಹೊರಟಿದ್ದ. ದಾರಿಯಲ್ಲಿ ಪಂಪ್‌ಹೌಸಿನದೇ ಹಳೇ ಬಾವಿ. ಅದನ್ನು ದಾಟಿದ್ದಷ್ಟೇ... ಹಿಂದಿನಿಂದ ಸದ್ದು ಬಂತು. ಪಚ್... ಪಚ್... ನೀರು ತುಂಬಿದ ಗಂಬೂಟಿನ ಸದ್ದು.

ಅವನು ನಿಂತ. ಅದೂ ನಿಂತಿತು.

ತಿರುಗಿ ನೋಡದೆಯೇ ಗೊತ್ತಾಯಿತು ಅವನಿಗೆ, ಅದು ಜೊತೆಗೆ ದುಡಿಯುತ್ತಿದ್ದ ಮಾಪಣ್ಣ ಅಂತ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುವುದು ಸುಮ್ಮನೆಯೇ?

ಆದದ್ದಿಷ್ಟು: ಆಗಸ್ಟ್ ಹದಿನೈದರ ಡ್ಯೂಟಿ ದಯಾನಂದನದು. ಸರ್ಕಾರಿ ರಜೆಯ ದಿನ ದುಡಿದರೆ ಅಲ್ಲಿ ಒಂದು ದಿನದ ಸಂಬಳ ಹೆಚ್ಚು. ಆದರೆ ಅವತ್ತೇ ತಂಗಿ ಜಯಲತಾಳ ಮಗಳ ನಿಶ್ಚಿತಾರ್ಥ. ಇವನು ಬೆಳಿಗ್ಗೆ ಹಾಜರಿ ಮಸ್ಟರಿಗೆ ಸಹಿ ಹಾಕಿ, ವಾರದ ರಜೆಯಲ್ಲಿದ್ದ ಮಾಪಣ್ಣನನ್ನು ಕರೆಸಿ ತನ್ನ ಬದಲಿಗೆ ಕೂರಿಸಿದ. ಮಾಪಣ್ಣ ಕಲಬುರಗಿ ಕಡೆಯವನು, ವಾಲ್ವ್ ತಿರುಗಿಸುವ ಬಡಪಾಯಿ.

"ಅರ್ಧ ನಿಂಗೆ, ಅರ್ಧ ನಂಗೆ ಮಾರಾಯ."

ಸಹಿ ಒಬ್ಬನದು, ದುಡಿಮೆ ಇನ್ನೊಬ್ಬನದು. ಅಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ. ಮಧ್ಯಾಹ್ನ ಪೈಪಿನ ಬಾಯಿಗೆ ಸಿಕ್ಕ ಕಸ ತೆಗೆಯಲು ಬಾವಿಗಿಳಿದ ಮಾಪಣ್ಣ ಮೇಲೆ ಬರಲಿಲ್ಲ.

ವಿಚಾರಣೆಯಲ್ಲಿ ದಯಾನಂದ ಏನಂದ ಗೊತ್ತೇ? ಮಾಪಣ್ಣನಿಗೆ ಅವತ್ತು ರಜೆ, ಈಜಲಿಕ್ಕೆ ಬಂದಿರಬೇಕು ಅಂದ. ಡ್ಯೂಟಿಯ ಮೇಲೆ ಸತ್ತಿದ್ದರೆ ಹೆಂಡತಿ ಮರಗಮ್ಮನಿಗೆ ಪರಿಹಾರ ಸಿಗುತ್ತಿತ್ತು, ಒಂದು ಕೆಲಸವೂ ಸಿಗುತ್ತಿತ್ತು. ರಜೆಯಲ್ಲಿ ಸತ್ತವನಿಗೆ ಏನೂ ಇಲ್ಲ. ನಿಜ ಹೇಳಿದರೆ ಇವನ ನೌಕರಿ ಹೋಗುತ್ತದೆ. ಬಾಯಿ ಹೊಲಿದುಕೊಂಡ. ಇದನ್ನೆಲ್ಲ ಹೇಳಿ ಆಮೇಲೆ ನನ್ನೆದುರು ಅತ್ತ. ನಮ್ಮವನೇ ಆದರೂ ಹೇಳುತ್ತೇನೆ, ಪಾಪಿ.

ಆ ರಾತ್ರಿ, ಬಾವಿಯ ಹತ್ತಿರ, ಬೆನ್ನ ಹಿಂದೆ ಪಿಸುಮಾತು...

"ಅಣ್ಣಾರ... ನಂದು ಅವತ್ತ ರಜಾನೋ, ಡ್ಯೂಟಿನೋ?"

ದಯಾನಂದ ತಿರುಗದೆಯೇ ಅಂದ, "ರ... ರಜೆ."

"ಖರೇನ ರಜಾ?"

"ಹೌದು ಮಾರಾಯ... ಹೋಗು."

"ಹಂಗಾದ್ರ ಮನೀಗ್ ಹೋಗ್ತೀನ್ರಿ."

ಪಚ್... ಪಚ್... ಸದ್ದು ಮರಗಮ್ಮನ ಮನೆಯಿದ್ದ ಚಾಳಿನ ಕಡೆಗೆ ಹೋಯಿತು. ಬದುಕಿದೆ ಅಂತ ಇವನು ಸ್ಟೇಷನ್ನಿಗೆ ಓಡಿದ. ನನಗೆ ಸಿಟ್ಟು ಬರುವುದು ಇಲ್ಲೇ. ಅದು ಎಲ್ಲಿಗೆ ಹೋಯಿತು ಅಂತ ಗೊತ್ತಿದ್ದೂ ಓಡಿದ!

ಮರುದಿನ ಪಾಳಿಗೆ ಬಂದರೆ ಪಂಪ್‌ಹೌಸಿನ ಬಾಗಿಲಲ್ಲಿ ಮರಗಮ್ಮ. ಅಳಲಿಲ್ಲ. ಮೆಲ್ಲಗೆ ಹೇಳಿದಳು.

"ರಾತ್ರಿ ನಮ್ಮವರು ಬಂದಿದ್ರು, ಅಣ್ಣಾರ. ನೀವು ರಜಾ ಅಂದ್ರಂತ. ಮಗಳು ಮಲ್ಲಿಕಾನ ಮಗ್ಗಲದಾಗ ಮಲಗಿದ್ರು. ಬೆಳಗಿಂದ ಕೂಸಿನ ಮೈ ತಣ್ಣಗ... ಎರಡು ಕೌದಿ ಹೊಚ್ಚೀನಿ, ಬೆಚ್ಚಗ ಆಗವಲ್ದು." ಕೈ ಮುಗಿದಳು. "ನಂಗ ರೊಕ್ಕ ಬ್ಯಾಡ್ರಿ. ಅವರ್ನ ಡ್ಯೂಟಿಗೆ ಕರ್ಕೋರಿ."

ದಯಾನಂದ ನೇರ ಆಫೀಸಿಗೆ ಹೋಗಿ ಎಲ್ಲ ಬರೆದುಕೊಟ್ಟ: ಆಗಸ್ಟ್ ಹದಿನೈದರಂದು ಡ್ಯೂಟಿಯಲ್ಲಿ ಇದ್ದದ್ದು ಮಾಪಣ್ಣ, ನಾನಲ್ಲ. ಅವನು ಬರೆದು ಮುಗಿಸುವ ಹೊತ್ತಿಗೆ ಚಾಳಿನಲ್ಲಿ ಮಲ್ಲಿಕಾ ಬೆವರಿ, ಎದ್ದು ಕೂತು ರೊಟ್ಟಿ ಕೇಳಿದಳಂತೆ.

ಇವನ ನೌಕರಿ ಹೋಯಿತು. ಈಗ ಕಾಮೋಠೆಯಲ್ಲಿ ಯಾರದೋ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾನೆ. ಮರಗಮ್ಮನಿಗೆ ಪರಿಹಾರ ಬಂತು, ಕೆಲಸವೂ ಸಿಕ್ಕಿತು.

ನಾನಿರುವುದು ಶಹಾಡಿನಲ್ಲೇ, ಅದೇ ಪಂಪಿನ ನೀರು ನಮಗೆ. ಈ ಜನವರಿ ಇಪ್ಪತ್ತಾರಕ್ಕೆ ಹೊಸ ಆಪರೇಟರ್ ಬರಲೇ ಇಲ್ಲ. ಪಂಪ್‌ಹೌಸಿಗೆ ಬೀಗ. ಮಸ್ಟರಿನಲ್ಲಿ ಆ ದಿನಕ್ಕೆ ಯಾರ ಹೆಸರೂ ಇಲ್ಲ. ಆದರೂ ಬೆಳಿಗ್ಗೆ ಐದಕ್ಕೆ ಸರಿಯಾಗಿ ನಲ್ಲಿಯಲ್ಲಿ ನೀರು ಬಂತು... ದೇವರಾಣೆ, ನಾನೇ ಎರಡು ಕೊಡ ಹಿಡಿದಿದ್ದೇನೆ.