ಹೃದಯದ ಬ್ಯಾನಿಗೆ ಯಾರು ಬ್ಯಾಡಂತಾರ?

೧೯೮೪ರ ಜನವರಿ. ಗದಗಿನ ಹೃದಯ ವೈದ್ಯರೊಬ್ಬರ ದವಾಖಾನೆಯಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಲಕ್ಷ್ಮೇಶ್ವರದ ಇಬ್ಬರು ಹೆಂಗಸರು ಕುಳಿತಿದ್ದರು. ಏದುಸಿರು ಬಿಡುತ್ತಿದ್ದವರು ತುಳಸಾಬಾಯಿ, ಜೊತೆಗೆ ಬಂದವರು ಅವರ ನಾದಿನಿ ಯಮುನಾಬಾಯಿ.

“ವೈನಿ, ಹನ್ನೆರಡು ವರ್ಷದ ಹಿಂದ ಮುಂಬಯಿಯೊಳಗ ಕ್ಯಾನ್ಸರಿಗಂತ ಎದಿಗೆ ರೇಡಿಯೇಶನ್ ಕರೆಂಟ್ ಕೊಟ್ಟದ್ದು ಈ ಡಾಕ್ಟರಿಗೆ ಹೇಳಲೇಬೇಕು. ಹೃದಯಕ್ಕ ಅದರಿಂದನ ತ್ರಾಸಾಗಿರಬಹುದಂತ ಹುಬ್ಬಳ್ಳಿ ಡಾಕ್ಟರು ಅಂದ್ರಲ್ಲ.”

“ಮೆತ್ತಗ ಮಾತಾಡು. ಈ ಡಾಕ್ಟರು ವರನ ಸ್ವಂತ ಸೋದರಮಾವ. ಆ ಹೆಸರು ಕಿವಿಗೆ ಬಿದ್ರ ನನ್ನ ಮಗಳ ಲಗ್ನ ಮುರೀತು.”

“ಹಂಗಾದ್ರ ಇವರ ಕಡೆ ಯಾಕ ಬಂದ್ರಿ?”

“ಬ್ಯಾರೆಯವರ ಕಡೆ ಹೋದ್ರ ಬೀಗರು ಸಿಟ್ಟಾಗ್ತಾರ.”

“ಹೃದಯದ ಬ್ಯಾನಿ ಗೊತ್ತಾದ್ರ ಲಗ್ನ ಮುರಿಯೂದಿಲ್ಲೇನು?”

“ಅದಕ್ಕ ಯಾರು ಬ್ಯಾಡಂತಾರ? ವರನ ತಾಯಿಗೂ ಅದ. ಗುಳಿಗಿ ಹೆಂಗ ತೊಗೋಬೇಕಂತ ಅವರೇ ನನಗ ಹೇಳಿಕೊಟ್ಟಾರ.”

“ಎದಿ ಮ್ಯಾಲಿನ ಸುಟ್ಟ ಕಲಿ ನೋಡಿದ್ರ?”

“ಕುದಿಯೋ ಹಾಲು ಬಿತ್ತು ಅಂತೀನಿ.”

“ಹಾಲು ನಾಕ ಮೂಲಿ ಹಿಡಿದು ಚೌಕಾಗಿ ಬೀಳ್ತದೇನ್ರಿ?”

ತುಳಸಾಬಾಯಿ ನಾದಿನಿಯ ಕಿವಿಯ ಹತ್ತಿರ ಬಾಗಿದರು.

“ಹಂಗಾದ್ರ ಕ್ಯಾನ್ಸರ್ ನಿನಗಾಗಿತ್ತು ಅಂತ ಹೇಳು. ನಿನ್ನ ಮಕ್ಕಳ ಲಗ್ನ ಎಲ್ಲಾ ಆಗ್ಯಾವ.”

“ಹೇಳ್ತೀನಿ. ಔಷಧ ನನಗ ಬರದು ಕೊಡ್ತಾರ, ಸಾಯೋರು ನೀವು.”

ಕಂಪೌಂಡರ್ ತುಳಸಾಬಾಯಿಯವರ ಹೆಸರು ಕರೆದ. ಅವರು ಎದ್ದು ಸೆರಗು ಸರಿಮಾಡಿಕೊಂಡರು.

“ಮುಹೂರ್ತ ಜಲ್ದಿ ಇಡಸ್ರಿ ಅಂತ ಇವರಿಗೇ ಹೇಳ್ತೀನಿ. ಅಕ್ಷತಾ ಬಿದ್ದ ಮ್ಯಾಲೆ ಎಲ್ಲಾ ಖರೆ ಹೇಳಿದ್ರಾತು.”

“ಅಲ್ಲೀತನಕಾ?”

“ಅಲ್ಲೀತನಕಾ ನೀ ಕೈ ಹಿಡಿ. ನಾಕ ಹೆಜ್ಜಿ ನಡೀಲಿಕ್ಕೆ ಆಗವಲ್ಲದು.”

ಯಮುನಾಬಾಯಿ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.