ಸೊನ್ನೆ ಅಂಕದ ಗುಡ್ಡ

ಸರ್ಕಾರಿ ಕಚೇರಿಯೆದುರಿನ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕುಳಿತಿದ್ದ ಶಿಕ್ಷಕಿ, ಕಚೇರಿಯೊಳಗಿನಿಂದ ಬಂದ ಗಾರೆ ಮೇಸ್ತ್ರಿಯನ್ನು ಕೇಳಿದರು.

“ಏನಾಯ್ತು ಭಾವ? ಶಾಲೆ ಹಿಂದಿನ ಗುಡ್ಡಕ್ಕೆ ತಡೆಗೋಡೆ ಕಟ್ಟೋಕೆ ಅನುದಾನ ಸಿಕ್ತಾ?”

“ಎಲ್ಲಿ ಸಿಗುತ್ತೆ? ಅಪಾಯ ಕಮ್ಮಿ ಅಂತ ಅರ್ಜಿ ವಾಪಸ್ ಕೊಟ್ರು.”

“ಹೋದ ವರ್ಷ ಎರಡು ಕೋಣೆ ಮಣ್ಣಲ್ಲಿ ಹೂತುಹೋಯ್ತಲ್ಲ!”

“ಅರ್ಜೀಲಿ ಸತ್ತವರೆಷ್ಟು ಅನ್ನೋ ಕಡೆ ನೀನು ಸೊನ್ನೆ ಬರೆದಿದ್ದೀಯ. ಸತ್ತವರಿದ್ರೇನೇ ಅಪಾಯಕ್ಕೆ ಅಂಕವಂತೆ.”

“ಬಿರುಕು ನೋಡಿ ಮಕ್ಕಳನ್ನೆಲ್ಲ ಹೊರಗೆ ಓಡಿಸಿದ್ದು ನೀವೇ ಅಲ್ವಾ?”

“ಅದನ್ನೂ ಹೇಳ್ದೆ. ಸಾಹೇಬ್ರು ಎದ್ದು ನಿಂತು ಕೈ ಕುಲುಕಿದ್ರು.”

“ಪಕ್ಕದೂರಿನ ಶಾಲೆಗೆ ಸಿಕ್ತಾ?”

“ಅಲ್ಲಿ ಮೂರು ಮಕ್ಕಳು ಸತ್ತಿದ್ವಲ್ಲ, ಮಂಜೂರಾಗಿದೆ.”

ಶಿಕ್ಷಕಿ ಬಾಯಿಗೆ ಕೈ ಅಡ್ಡ ಹಿಡಿದರು.

“ನಾಳೆ ಮಕ್ಕಳನ್ನ ಎಲ್ಲಿ ಕೂರಿಸ್ಲಿ ಭಾವ?”

“ನಮ್ಮನೇಲಿ. ಆ ಗುಡ್ಡದ ಕೆಳಗೆ ಒಂದು ಮಗುವೂ ಕೂರೋದು ಬೇಡ.”

ಬಸ್ಸು ಬಂತು. ಇಬ್ಬರೂ ಹತ್ತಿದರು.